ಅಕ್ಕನ ತೊಟ್ಲ ಹಾಡಿಗೆ ಮೈಕ್ ಕಟ್ಟಿದ್ದು

ನಮ್ಮಕ್ಕ ಹಾಡೋದು ಬಿಟ್ಟು ಎರಡು ವರ್ಷ ಆಗಿತ್ತು. ಹರಿಹರದಾಗೆ ನಮ್ಮ ಬಳಗದ ಒಂದು ಮದುವ್ಯಾಗೆ ಹಸೆ ಮುಂದೆ ಹಾಡಾಕ್ ಕುಂತಿದ್ಲು. ಆ ಕಲ್ಯಾಣಮಂಟಪದ ಗದ್ಲದಾಗೆ ಅಕ್ಕನ ಬಾಯಿ ಆಡೋದು ಕಾಣ್ತಿತ್ತು, ದನಿ ಕೇಳ್ತಿರ್ಲಿಲ್ಲ. ಎರಡನೇ ನುಡಿಗೆ ಬಂದಾಗ ಯಾರೋ ಒಬ್ಬಾಕಿ ಭುಜ ಮುಟ್ಟಿ, "ಅಮ್ಮಾರೆ, ಹಾಡು ಯಾವಾಗ ಶುರು ಮಾಡ್ತೀರಿ?" ಅಂತ ಕೇಳಿಬಿಟ್ಲು. ಅಕ್ಕ ಸೆರಗು ಕೊಡವಿ ಎದ್ದಾಕಿ ಸೀದಾ ಊಟದ ಪಂಕ್ತಿಗೆ ಹೋದ್ಲು. ಅವತ್ತಿನಿಂದ ಬಾಯಿಗೆ ಬೀಗ.

ನಂಗೆ ಚಿಂತೆ ಆಗಿದ್ದು ನಮ್ಮವ್ವನ ತೊಟ್ಲ ಹಾಡಿಂದು. ಅದ್ರಾಗೆ ನಾಕು ನುಡಿ ಐತಂತೆ. ನಂಗೆ ಬರೋದು ಎರಡೇ. ಉಳಿದ ಎರಡು ಅಕ್ಕನ ಹತ್ರ ಮಾತ್ರ ಅದಾವೆ. ಅಕ್ಕಂಗೆ ಎಂಬತ್ತು ದಾಟೈತೆ. ಹೇಳಿಕೊಡು ಅಂದ್ರೆ, "ನಿಂಗ್ಯಾಕ ಅದು?" ಅಂತ ಮಾತು ತೇಲಿಸಿಬಿಡ್ತಾಳೆ.

ಅಷ್ಟೊತ್ತಿಗೆ ನನ್ನ ಮೊಮ್ಮಗಳಿಗೆ ಹೆಣ್ಣು ಕೂಸು ಆತು. ದಾವಣಗೆರೆ ಪಿ.ಜೆ. ಬಡಾವಣ್ಯಾಗೆ ಒಂದು ಹೋಟ್ಲ ಮ್ಯಾಲಿನ ಹಾಲಿನಾಗೆ ತೊಟ್ಲು ಕಾರ್ಯ ಅಂತ ಗೊತ್ತಾತು. ನಾನು ಬಸ್ ಹತ್ತಿ ಹರಿಹರಕ್ಕೆ, ಅಕ್ಕನ ಮನಿಗೆ ಹೋದೆ.

"ನೀ ಹಾಡು. ಕೊನೇ ಕುರ್ಚಿಗೂ ಕೇಳ್ಸಂಗ್ ಮಾಡೋದು ನನ್ನ ಜವಾಬ್ದಾರಿ" ಅಂದೆ.

"ಕೇಳಿಸ್ಲಿಲ್ಲ ಅಂದ್ರೆ?"

"ಕಿವಿ ಹಿಂಡು."

"ಯಾರ್ದು?"

"ನಂದೇ ಕಣವ್ವ, ಇನ್ಯಾರ್ದು!"

ಇದೇ ಕೊನೆ ಸಲ ಅಂತ ಹೇಳಿ ಒಪ್ಪಿದ್ಲು.

ಇಷ್ಟು ಧೈರ್ಯ ಎಲ್ಲಿಂದ ಬಂತು ಅಂದ್ರೆ, ನಮ್ಮನೆಯವ್ರು ಹರಿಹರದಾಗೆ ಮೈಕ್ ಸೆಟ್ ಅಂಗಡಿ ಇಟ್ಟಿದ್ರು. ಕೊಂಡಜ್ಜಿ, ಕೊಕ್ಕನೂರು, ಎಲ್ಲಿ ಕಾರ್ಯ ಇದ್ರೂ ಹೋಗೋರು. ಮೊದಮೊದ್ಲು ನಾನು ಬರೀ ವೈರ್ ಸುತ್ತುತಿದ್ದೆ. ಆಮ್ಯಾಲೆ ಆಂಪ್ಲಿಫೈಯರ್ ಮುಂದೆ ಕುಂತೆ, ಆಮ್ಯಾಲೆ ಅವ್ರ ತಪ್ಪನ್ನೇ ತಿದ್ದಾಕ್ ಶುರು ಮಾಡ್ದೆ. ಅವ್ರು ಹೋದ ಮ್ಯಾಲೆ ಅಂಗಡಿ ಮುಚ್ಚಿ, ನಾನು ದಾವಣಗೆರೆಗೆ ಮಗನ ಮನಿಗೆ ಬಂದೆ. ಒಂದು ಆಂಪ್ಲಿಫೈಯರು, ಒಂದು ಮೈಕು, ಎರಡು ಸಣ್ಣ ಸ್ಪೀಕರ್ ಡಬ್ಬಿ ಮಾತ್ರ ಯಾರಿಗೂ ಕೊಡ್ದಂಗೆ ನನ್ನ ಮಂಚದ ಕೆಳಗೆ ಇಟ್ಗಂಡೀನಿ.

ಕಾರ್ಯದ ದಿನ ಹಾಲಿಗೆ ಕಾಲಿಟ್ಟು ಒಂದು ಸುತ್ತು ನೋಡ್ದೆ. ಗೋಡೆ ತುಂಬ ಹೊಳಿಯೋ ಟೈಲ್ಸು. ಒಂದು ಚಮಚ ಬಿದ್ರೆ ನಾಕು ಚಮಚ ಬಿದ್ದಂಗೆ ಕೇಳ್ತೈತೆ. ಒಂದು ಕಡೆ ಅಡುಗಿಮನೆ ಹೊಗೆ ಎಳೆಯೋ ಫ್ಯಾನು ವಿಮಾನದಂಗೆ ಗುಂಯ್‌ಗುಡ್ತೈತೆ. ಕಿಟಕಿ ಕೆಳಗೆ ಆಟೋ ಹಾರನ್ನು. ಹಾಲಿನೋರ ಎರಡು ದೊಡ್ಡ ಸ್ಪೀಕರು ಸರಿಯಾಗಿ ತೊಟ್ಲ ಹಿಂದೆ ನಿಂತಾವೆ, ಮೈಕು ಅವುಗಳ ಮುಂದೆ. ಕೂಂಯ್ ಅನ್ನದೆ ಇನ್ನೇನ್ ಮಾಡೀತು?

ಹಾಲು ನೋಡ್ಕಳ್ಳೋ ಮ್ಯಾನೇಜರು ಮೈಕಿನ ತಲಿ ಮ್ಯಾಲೆ ಟಕ್ ಟಕ್ ಹೊಡ್ದು, ಉಫ್ ಅಂತ ಊದಿ, "ಹಲೋ ಹಲೋ" ಅಂದ. ಕೂಂಯ್ ಅಂತು. ಸೌಂಡು ಏರಿಸ್ದ. ಇನ್ನೂ ಜೋರಾಗಿ ಕೂಂಯ್ ಅಂತು.

"ಅಪ್ಪಾ, ಮೈಕಿನ ಹಿಂದೆ ಸ್ಪೀಕರ್ ಇಟ್ರೆ ಅದು ತನ್ನ ದನಿ ತಾನೇ ಕೇಳಿ ಕಿರುಚ್ತೈತೆ. ಸ್ಪೀಕರ್ ಮುಂದಕ್ಕೆ ತಗಳ್ರಿ" ಅಂದೆ.

"ಅಜ್ಜಿ, ನೀವು ಆರಾಮ ಕೂಡ್ರಿ. ಕಾಫಿ ಕುಡಿರಿ."

"ಕಾಫಿ ನಿಮ್ಮ ಸ್ಪೀಕರಿಗೆ ಕುಡಿಸ್ರಿ, ಗಂಟಲು ಸರಿಹೋಗ್ಲಿ."

ನಕ್ಕ, ಆದ್ರೆ ಸರಿಸ್ಲಿಲ್ಲ. ಈ ನಗು ಐತಲ್ಲ, ಬೈದ್ರೂ ತಡ್ಕಂಡೇನು, ಇದನ್ನ ತಡಿಯಾಕೆ ಆಗಲ್ಲ ನಂಗೆ.

ಸರಿ, ನಮ್ಮ ಸಾಮಾನೇ ಹಚ್ಚಿದ್ರಾತು ಅಂತ ಮನಿಯಿಂದ ತಂದಿದ್ದ ಎರಡು ಡಬ್ಬಿ ತಗಂಡು ಹೆಂಗಸ್ರ ಕುರ್ಚಿ ನಡುವೆ, ಕುಂತೋರ ಕಿವಿ ಎತ್ತರಕ್ಕೆ ಸ್ಟೂಲ್ ಮ್ಯಾಲೆ ಇಟ್ಟೆ. ಗದ್ಲದ ರೂಮಿನಾಗೆ ಸೌಂಡು ಏರಿಸಿದ್ರೆ ಜನ ಅದಕ್ಕಿಂತ ಜೋರಾಗಿ ಮಾತಾಡ್ತಾರೆ. ಸಣ್ಣ ಸೌಂಡನ್ನ ಕಿವಿ ಹತ್ರ ಒಯ್ದು ಇಟ್ರೆ ಸುಮ್ಮನಾಗ್ತಾರೆ. ಇದು ಅಂಗಡಿ ನಡೆಸಿ ಕಲ್ತಿದ್ದು. ವೈರ್ ಜೋಡಿಸಿ "ಒಂದು, ಎರಡು" ಅಂದೆ. ಕೌದಿ ಹೊದ್ಕಂಡು ಮಾತಾಡ್ದಂಗೆ ಬಂತು ದನಿ.

ಮೈಕು ಬೆಳಕಿಗೆ ಹಿಡ್ದು ನೋಡ್ತೀನಿ, ಜಾಲರಿ ತುಂಬ ಮೂರು ಬೆರಳು ವಿಭೂತಿ! ನೀರಾಗೆ ಕಲಸಿ ಬಳಿದು, ಒಣಗಿ ಗಚ್ಚು ಆಗೈತೆ. ನಡುವೆ ಕುಂಕುಮ ಬ್ಯಾರೆ.

"ಯಾರೇ ಮಾಡಿದ್ದು ಇದು?"

"ನಾನೇ ಅತ್ತೆ. ಶುಭ ಕಾರ್ಯಕ್ಕೆ ಹೊಂಟೈತೆ, ಮಾವಾರ ಸಾಮಾನು ಅಂತ ಬೆಳಿಗ್ಗೆ ಪೂಜೆ ಮಾಡ್ದೆ" ಅಂದ್ಲು ಸೊಸಿ.

"ಡಬ್ಬಿಗೆ ಹಚ್ಚಬೇಕವ್ವ, ಬಾಯಿಗಲ್ಲ! ನಿನ್ನ ಮೂಗಿಗೆ ಹಿಂಗೆ ಮೆತ್ತಿದ್ರೆ ಉಸಿರಾಡ್ತೀಯ?"

ಮಾವಾರ ಸಾಮಾನು ಅಂದಿದ್ದಕ್ಕೆ ಅದಕ್ಕಿಂತ ಜಾಸ್ತಿ ಬೈಯಾಕ್ ಆಗ್ಲಿಲ್ಲ. ಜಾಲರಿ ತಿರುವಿ ಬಿಚ್ಚಿ, ಮೊಮ್ಮಗಳ ಮೇಕಪ್ಪಿನ ಬ್ರಶ್ ಇಸ್ಗಂಡು ತಿಕ್ಕಿದೆ. ರೇಷ್ಮಿ ಸೀರಿ ತುಂಬ ವಿಭೂತಿ. ಬಂದೋರೆಲ್ಲ, "ಅಜ್ಜಿ ಇವತ್ತು ಭಾಳ ಭಕ್ತಿ ಮಾಡೈತೆ" ಅಂತ ನಗೋದು.

ಇನ್ನು ಫ್ಯಾನು. ಅಡುಗೆಯವ್ರಿಗೆ ಹತ್ತು ನಿಮಿಷ ಆಫ್ ಮಾಡ್ರಪ್ಪ ಅಂದ್ರೆ, ಬೋಂಡಾ ಬಾಣಲಿ ಮ್ಯಾಲೈತೆ, ಆಗಲ್ಲ ಅಂದ್ರು. ಬಾಗ್ಲ ಪಕ್ಕ ಹಳೇ ಬೋರ್ಡು ಇತ್ತು. ಫ್ಯಾನಿನ ಫ್ಯೂಸ್ ಕಿತ್ತು ಎಲೆ ಅಡಿಕೆ ಚೀಲಕ್ಕೆ ಹಾಕ್ಕಂಡೆ. ಒಳಗಿಂದ ಕೆಮ್ಮುತ್ತಾ ಒಬ್ಬ ಬಂದ.

"ಕರೆಂಟ್ ಹೋತಾ ಅಜ್ಜಿ?"

"ಹಂಗೇ ಕಾಣ್ತೈತಪ್ಪ."

ಅವ ತಲಿ ಎತ್ತಿ ಉರಿಯೋ ಲೈಟ್ ನೋಡ್ದ, ನನ್ನ ನೋಡ್ದ, ಒಳಗೆ ಹೋದ.

ಅಷ್ಟೊತ್ತಿಗೆ ಹೆಸರಿಡೋ ಹೊತ್ತಾತು. ಕೂಸಿನ ಸೋದರತ್ತೆ ತೊಟ್ಲಿಗೆ ಬಗ್ಗಿ ಕಿವ್ಯಾಗೆ ಹೆಸರು ಹೇಳಿ "ಕುರ್ರ್" ಅಂದ್ಲು. ನಮ್ಮ ಕಡೆ ಹೆಂಗೆ ಅಂದ್ರೆ, ಆಗ ಹೆಂಗಸ್ರೆಲ್ಲ ಸೇರಿ ಅತ್ತೆ ಬೆನ್ನಿಗೆ ಗುದ್ದುತಾರೆ. ಅದನ್ನ ಊರಿಗೆಲ್ಲ ಕೇಳಿಸ್ಬೇಕಂತ ಮ್ಯಾನೇಜರು ತನ್ನ ಮೈಕನ್ನ ತೊಟ್ಲ ಒಳಗೇ ತೂರಿಸಿದ್ದ. ದಡ್ ದಡ್ ದಡ್ ಅಂತ ದೊಡ್ಡ ಸ್ಪೀಕರಿನಾಗೆ ಗ್ವಾಡೆ ಕೆಡವಿದಂಗೆ ಬಂತು. ಕೂಸು ಬೆಚ್ಚಿಬಿದ್ದು ಅಳ್ತು. ಆ ಅಳುವೂ ಸ್ಪೀಕರಿನಾಗೆ!

ತೊಟ್ಲ ಪಕ್ಕ ಹಾಡಾಕ್ ಕುಂತಿದ್ದ ಅಕ್ಕ ನನ್ನ ಕಡೆ ನೋಡಿ ಸೆರಗು ಸರಿ ಮಾಡ್ಕಂಡ್ಲು. ಏಳಾಕ್ ಹೊಂಟಾಳೆ ಅಂತ ಗೊತ್ತಾತು. ನಂಗೆ ಅಳು ಬಂದಂಗಾತು, ಸಿಟ್ಟೂ ಬಂತು. ಓಡಿಹೋಗಿ ಅವನ ಸ್ಪೀಕರಿನ ಪ್ಲಗ್ ಕಿತ್ತೆ.

"ಅಜ್ಜಿ!" ಅಂದ ಮ್ಯಾನೇಜರು.

"ಏನಪ್ಪಾ? ಕೂಸು ಮಲಗ್ಬೇಕು. ನೀನು ಹಾಡ್ತೀಯಾ?"

ಅಕ್ಕನ ಪಕ್ಕ ಕುಂತು ಮೈಕು ನಾನೇ ಹಿಡಿದೆ, ಬಾಯಿಂದ ನಾಕು ಬೆರಳು ದೂರ. ಅಕ್ಕ ಹಾವು ಕಂಡಂಗೆ ಹಿಂದೆ ಸರಿದ್ಲು. ನಾನೂ ಸರಿದೆ. ಮತ್ತೆ ಸರಿದ್ಲು, ಮತ್ತೆ ಸರಿದೆ. ಕೊನೆಗೆ ಕಂಬ ಅಡ್ಡ ಬಂತು, ವಿಧಿ ಇಲ್ದೆ ಕಣ್ಣು ಮುಚ್ಚಿ ಹಾಡಿದ್ಲು.

ಮೊದಲ ನುಡಿಗೆ ಮುಂದಿನ ಸಾಲು ಸುಮ್ಮನಾತು. ಎರಡನೇದಕ್ಕೆ ಹಿಂದಿನ ಸಾಲು. ನಡುಗೋ ದನಿ, ಆದ್ರೆ ಒಂದೊಂದು ಅಕ್ಷರ ಬಿಡಿ ಬಿಡಿಯಾಗಿ ಕೊನೇ ಕುರ್ಚಿ ಮುಟ್ತು. ಕೂಸು ಅಳೋದು ನಿಲ್ಲಿಸ್ತು.

ಮೂರನೇ ನುಡಿ ಬಂತು. ತೊಟ್ಲ ತೂಗು ಅಂತ ಕೂರಿಸಿದ್ರೆ, ಕೂಸಿನ ಬೆಣ್ಣೆ ಕದ್ದು ತಿಂದು, ಬಾಯಿ ಒರೆಸ್ಕಂಡು, ತೊಟ್ಲ ಕೆಳಗೆ ಗೊರಕೆ ಹೊಡಿಯೋ ಕಿರಿ ಮಗಳ ಮ್ಯಾಲೆ ಕಟ್ಟಿದ್ದು ಅದು. ನಮ್ಮವ್ವಂಗೆ ಕಿರಿ ಮಗಳು ಅಂದ್ರೆ ನಾನೊಬ್ಬಳೇ. ಇಷ್ಟು ವರ್ಷ ಯಾಕ ಹೇಳಿಕೊಡ್ಲಿಲ್ಲ ಅಂತ ಆಗ ಗೊತ್ತಾತು. ಮೈಕು ಹಿಡ್ದೋಳೂ ನಾನೇ, ತಪ್ಪಿಸ್ಕಳ್ಳಾಕೆ ದಾರಿ ಇಲ್ಲ.

ಹಾಲಿನಾಗಿದ್ದೋರೆಲ್ಲ ಬಿದ್ದು ಬಿದ್ದು ನಕ್ರು. "ಬೆಣ್ಣೆ ಕಳ್ಳಿ!" ಅಂತ ಯಾರೋ ಕೂಗಿದ್ರು. ಅಡುಗೆಯವ್ರೂ ಬಾಗ್ಲಿಗೆ ಬಂದು ನಕ್ರು. ಅಕ್ಕ ಕಣ್ಣು ಮುಚ್ಚೇ ನಾಕನೇ ನುಡಿ ಹಾಡ್ತಿದ್ಲು. ಫ್ಯಾನಿಗೆ ಫ್ಯೂಸ್ ಐತೆ, ಸ್ಪೀಕರಿಗೆ ಪ್ಲಗ್ ಐತೆ. ನಗೋರಿಗೆ ಏನು ಕೀಳಾಣ? ಪಕ್ಕದಾಗೆ ಕುಂತ ನಂಗೂ ಒಂದಕ್ಷರ ಕೇಳಿಸ್ಲಿಲ್ಲ.

"ಕೇಳಿಸ್ತೇನೇ?" ಅಂದ್ಲು ಅಕ್ಕ, ಮುಖ ಅರಳಿತ್ತು.

"ಮೂರು ಕೇಳಿಸ್ತವ್ವ" ಅಂದೆ. ನನ್ನ ಕಿವಿ ಉಳೀತು.

ಮಾರನೇ ದಿನ ಫೋನ್ ಮಾಡಿ, ನಾಕನೇದು ಹೇಳು, ಬರಕಂತೀನಿ, ಈಗ ಫೋನಿನಾಗೆ ಬೆರಳಿಂದ ಬರಿಯಾಕೂ ಬರ್ತೈತೆ ಅಂದೆ.

"ಹಂಗೆಲ್ಲ ಬರೀ ಬಾಯಾಗೆ ಹೇಳಾಕ್ ಆಗಲ್ಲ. ದನಿ ಕೂಡಲ್ಲ" ಅಂದ್ಲು. "ಮೈಕ್ ತಗಂಡ್ ಬಾ."

ಹಾವು ಕಂಡಂಗೆ ಹಿಂದೆ ಸರಿದಾಕಿ ಅಲ್ಲೇನ್ರಿ ಇವಳು? ಈಗ ಹದಿನೈದು ಕೇಜಿ ಆಂಪ್ಲಿಫೈಯರ್ ಮಡಿಲಾಗೆ ಇಟ್ಗಂಡು ಹರಿಹರದ ಬಸ್ಸಿನಾಗೆ ಕುಂತೀನಿ. ಕಂಡಕ್ಟರು, "ಏನಜ್ಜಿ ಅದು?" ಅಂತ ಎರಡು ಸಲ ಕೇಳ್ದ.