ಉಸ್ತಾದರ ಕತ್ತು

ನಮ್ಮ ಬೀದಿಯ ಸಲೂನಿನಲ್ಲಿ ಇದ್ದದ್ದು ಎರಡೇ ಕುರ್ಚಿ. ಕಿಟಕಿಯ ಪಕ್ಕದ ಮೊದಲನೆಯದು ಉಸ್ತಾದರದ್ದು. ಕೈ ತೊಳೆಯುವ ತೊಟ್ಟಿಗೆ ಅಂಟಿಕೊಂಡಿದ್ದ ಇನ್ನೊಂದರ ಹಿಂದೆ ನಿಲ್ಲುತ್ತಿದ್ದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅಂತ ಒಂದು ಇದ್ದಿರಲೇಬೇಕು. ಅದನ್ನು ಬಳಸುವ ಸಂದರ್ಭ ಮಾತ್ರ ಯಾರಿಗೂ ಬರಲಿಲ್ಲ. ಎಲ್ಲರ ಬಾಯಲ್ಲೂ ಅವನು ಎರಡನೇ ಕುರ್ಚಿ. "ಎರಡನೇ ಕುರ್ಚಿಗೆ ಕಾಲು ನೋವಂತೆ" ಎಂದು ಕೇಳಿ ಬಡಗಿಯನ್ನು ಕರೆಯಲು ಓಡಿದವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ.

ಉಸ್ತಾದರ ಕತ್ತರಿಯ ಹರಿತವನ್ನು ಮೊದಲು ಹೇಳಬೇಕು. ಕತ್ತರಿ ಆಡಿದ್ದು ಕೂದಲಿಗೇ ಗೊತ್ತಾಗುತ್ತಿರಲಿಲ್ಲ. ಅದು ಇನ್ನೂ ತಾನು ತಲೆಯ ಮೇಲೇ ಬೆಳೆದುಕೊಂಡಿದ್ದೇನೆ ಎಂಬ ನಂಬಿಕೆಯಲ್ಲಿ ನಿಂತಿರುತ್ತಿತ್ತು. ಒಬ್ಬ ಗಿರಾಕಿ ಮನೆಗೆ ಹೋಗಿ ಊಟಕ್ಕೆ ಕೂತು ಒಮ್ಮೆ ಸೀನಿದ್ದೇ ತಡ, ಅರ್ಧ ತಲೆ ಕೂದಲು ತಟ್ಟೆಗೆ ಇಳಿಯಿತಂತೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ತಟ್ಟೆಯನ್ನು ಕಂಡಿದ್ದೇನೆ.

ಆಮೇಲೆ ಅವರ ಕತ್ತು. ಅದು ಬಲಭುಜದ ಕಡೆಗೆ ವಾಲಿತ್ತು, ಭುಜ ಏನೋ ಗುಟ್ಟು ಹೇಳುತ್ತಿದೆ, ಕಿವಿ ಅದನ್ನು ಪೂರ್ತಿ ಕೇಳಿಸಿಕೊಳ್ಳದೆ ಏಳುವುದಿಲ್ಲ ಎಂಬಂತೆ. ಹಾಗೆ ವಾಲಿದ ಕತ್ತಿನಿಂದ ನೋಡುವವರಿಗೆ ಲೋಕವೇ ಬೇರೆ ಲೆಕ್ಕದಲ್ಲಿ ನಿಂತಿರುತ್ತದೆ. ಉಸ್ತಾದರ ಕಣ್ಣಿಗೆ ಸಮ ಅನ್ನಿಸುವ ಹೊತ್ತಿಗೆ ಗಿರಾಕಿಯ ಎಡಗಿವಿಯ ಮುಂದಿನ ಕೂದಲು ಬಲಗಡೆಯದಕ್ಕಿಂತ ಬೆರಳಗಲ ಮೇಲೆ ಹೋಗಿರುತ್ತಿತ್ತು. ಬೀದಿಯ ಗಂಡಸರೆಲ್ಲರ ತಲೆಯೂ ಹೀಗೇ. ಕನ್ನಡಕದ ಅಂಗಡಿಯವನು ನಮ್ಮ ಬೀದಿಯವರಿಗೆಂದೇ ಒಂದು ಕಡ್ಡಿ ಬಗ್ಗಿಸಿದ ಕನ್ನಡಕಗಳನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದ. ಫೋಟೋ ತೆಗೆಯುವವನು ಕ್ಯಾಮೆರಾ ಸ್ಟ್ಯಾಂಡಿನ ಒಂದು ಕಾಲನ್ನು ಗರಗಸದಿಂದ ಮೊಟಕು ಮಾಡಿಸಿಕೊಂಡಿದ್ದ. ಹೊರಗಿನವರು ಬೀದಿಗೆ ಕಾಲಿಟ್ಟರೆ, ಅವರ ತಲೆಯೇ ಡೊಂಕು ಎಂದು ನಾವೆಲ್ಲ ಮರುಕಪಡುತ್ತಿದ್ದೆವು.

ಎರಡನೇ ಕುರ್ಚಿ ಕೆಲಸ ಕಲಿಯಲು ಬಂದಾಗ ಉಸ್ತಾದರು ಕೊಟ್ಟ ಪಾಠ ಒಂದೇ ಮಾತಿನದು: "ನೋಡ್ಕೋ." ಅದರಾಚೆಗೆ ಅವರು ಏನನ್ನೂ ಹೇಳಿಕೊಡಲಿಲ್ಲ, ಕೇಳಿದರೂ ಹೇಳುತ್ತಿರಲಿಲ್ಲ. ಹೇಳಿಕೊಡುವ ಗುರುವಿನಿಂದ ಶಿಷ್ಯ ಪಾಠ ಕಲಿಯುತ್ತಾನೆ. ಹೇಳಿಕೊಡದ ಗುರುವಿನಿಂದ ಗುರುವನ್ನೇ ಕಲಿಯುತ್ತಾನೆ. ಎರಡನೇ ಕುರ್ಚಿ ನೋಡಿಕೊಂಡ. ಬಾಚಣಿಗೆ ಹಿಡಿಯುವುದನ್ನು ನೋಡಿಕೊಂಡ, ಕ್ಷೌರ ಮುಗಿಯುವ ಮುಂಚೆ ಉಸ್ತಾದರು ಒಮ್ಮೆ ಕೆಮ್ಮುವುದನ್ನೂ ನೋಡಿಕೊಂಡು ತಾನೂ ಕೆಮ್ಮತೊಡಗಿದ. ಕೊನೆಗೆ, ಇಡೀ ವಿದ್ಯೆಯ ಮರ್ಮ ಇರುವುದು ಕತ್ತಿನಲ್ಲಿ ಎಂಬ ತೀರ್ಮಾನಕ್ಕೆ ಬಂದ. ಕಿವಿಗೂ ಭುಜಕ್ಕೂ ನಡುವೆ ದಿಂಬು ಸಿಕ್ಕಿಸಿಕೊಂಡು ಅಭ್ಯಾಸ ಮಾಡಿದ. ಮದುವೆಯಾದ ಹೊಸದರಲ್ಲಿ ಹೆಂಡತಿ, ಈ ಮನುಷ್ಯ ತನ್ನ ಪ್ರತಿ ಮಾತನ್ನೂ ಇಷ್ಟು ಕತ್ತು ಬಗ್ಗಿಸಿ ಕೇಳುತ್ತಾನಲ್ಲ ಎಂದು ಹಿಗ್ಗಿದ್ದಳಂತೆ. ಹಿಗ್ಗು ಬಹಳ ದಿನ ಬಾಳಲಿಲ್ಲ.

"ಎಲ್ಲರೂ ಉಸ್ತಾದರ ಕೈ ನೋಡ್ತಾರೆ ಕಣೇ," ಎಂದು ಅವಳಿಗೆ ಬಿಡಿಸಿ ಹೇಳಿದ. "ನಾನು ಕತ್ತು ನೋಡ್ದೆ. ಅಲ್ಲಿದೆ ಗುಟ್ಟು."

"ಅವರಿಗೆ ಮೂಗಿನ ಮೇಲೆ ಗಂಟು ಕೂಡ ಇದೆಯಲ್ರೀ," ಎಂದಳು ಹೆಂಡತಿ. "ಅದು ಯಾವಾಗಿಂದ ಶುರು?"

ಅವನಿಗೆ ಮುಂದೆ ಬರಬೇಕೆಂಬ ಹುಚ್ಚು ಹೊಸದಲ್ಲ. ತಣ್ಣೀರು ಸ್ನಾನ, ಕನ್ನಡಿಯ ಮುಂದೆ ನಗುವ ಅಭ್ಯಾಸ, ಎಲ್ಲ ಮುಗಿಸಿದ್ದ. ಮೊಬೈಲಿನಲ್ಲಿ ಯಾರೋ ಬೆಳಗ್ಗೆ ಬೆಳಗ್ಗೆ "ನಿಮ್ಮೊಳಗಿನ ಹುಲಿಯನ್ನು ಎಬ್ಬಿಸಿ" ಎಂದು ಕೂಗುವುದನ್ನು ಹಾಸಿಗೆಯಲ್ಲಿ ಮಲಗಿಯೇ ಕೇಳುತ್ತಿದ್ದ. "ಮೊದ್ಲು ನೀವು ಏಳಿ, ಹುಲಿ ಆಮೇಲೆ ಏಳ್ಲಿ, ಅದಕ್ಕೂ ನಿದ್ದೆ ಇರುತ್ತೆ," ಎಂದು ಹೆಂಡತಿ ಹೊದಿಕೆ ಎಳೆಯುತ್ತಿದ್ದಳು.

ಹೀಗಿರುವಾಗ ಉಸ್ತಾದರ ಕೈ ನಡುಗಲು ಶುರುವಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ, ಅವರ ಮನಸ್ಸಿಗೆ ನೋವಾಗದಂತೆ, ತೊಟ್ಟಿಯ ಪಕ್ಕದ ಕುರ್ಚಿಗೆ ಸರಿದರು. ಬಸ್‌ ಸ್ಟ್ಯಾಂಡಿನ ಹತ್ತಿರ ಮೊಬೈಲ್‌ ಕವರ್‌ ಮಾರುತ್ತಿದ್ದ ಉಸ್ತಾದರ ಅಳಿಯ ಟೇಪು ಹಿಡಿದುಕೊಂಡು ಬಂದು ಸಲೂನಿನ ಗೋಡೆಗಳನ್ನು ಅಳೆಯತೊಡಗಿದ. ಅಳೆದದ್ದನ್ನೇ ಅಳೆದ. ಕೋಣೆ ಎಲ್ಲಾದರೂ ಬೆಳೆದಿದೆಯೇನೋ ಎಂದು ವಾರ ಬಿಟ್ಟು ಮತ್ತೆ ಬಂದು ಅಳೆದ.

ಕೊನೆಗೆ ಉಸ್ತಾದರು ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು. "ನೋಡಿ ಅಳಿಯಂದಿರೇ, ಕೋಣೆ ನಂದು, ಕೊಡೋದೂ ನಾನೇ. ಲೋ, ನೀನೂ ಕೇಳು. ಮುಂದಿನ ತಿಂಗಳು ಮೊಮ್ಮಗಳ ಮದುವೆ. ಅವತ್ತಿಗೆ ನನ್ನ ಕ್ಷೌರ ನೀನು ಮಾಡು. ಇಷ್ಟು ವರ್ಷ ನನ್ನ ತಲೆನ ಈ ಬೀದಿಯವರ ಕೈಗೆ ಕೊಟ್ಟಿಲ್ಲ. ಅದರಲ್ಲಿ ನನ್ನ ಕೈ ಕಂಡ್ರೆ ಅಂಗಡಿ ನಿಂದು, ಕಿಟಕಿ ಪಕ್ಕದ ಕುರ್ಚಿ ನಿಂದು. ಕಾಣದಿದ್ರೆ ಅಳಿಯಂದಿರು ಕವರ್‌ ಮಾರ್ಕೊಳ್ಳಲಿ."

ಅಂಗಡಿ ಹೋದರೆ ಆ ವಯಸ್ಸಿನಲ್ಲಿ ಅವನಿಗೆ ಸಿಗುವುದು ಬೇರೆ ಯಾವುದೋ ಸಲೂನಿನ ಮೂರನೇ ಕುರ್ಚಿ. ಜೀವನದಲ್ಲಿ ಮುಂದೆ ಬರಬೇಕೆಂದು ಇಷ್ಟೆಲ್ಲ ತಣ್ಣೀರು ಸುರಿದುಕೊಂಡವನು ಎರಡರಿಂದ ಮೂರಕ್ಕೆ ಹೋಗುವುದು ಯಾವ ನ್ಯಾಯ? ಅವನು ಹಗಲೂ ರಾತ್ರಿ ಉಸ್ತಾದರಾಗಲು ಹೊರಟ. ಕತ್ತನ್ನು ಅವರಿಗಿಂತ ಒಂದು ಕೈ ಹೆಚ್ಚೇ ಬಗ್ಗಿಸಿದ. ಆ ದಿನಗಳಲ್ಲಿ ಅವನ ಕೈಯಲ್ಲಿ ಕ್ಷೌರ ಮಾಡಿಸಿಕೊಂಡವರು ನಡೆಯುವಾಗ ತಾವಾಗಿಯೇ ಎಡಕ್ಕೆ ತಿರುಗಿ, ಹೋಗಬೇಕೆಂದಿಲ್ಲದ ಮನೆಗಳಿಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಒಂದು ಬೆಳಗ್ಗೆ ಎದ್ದರೆ ಕತ್ತು ಅಲ್ಲಾಡಲಿಲ್ಲ.

ಮೂಳೆ, ನರಗಳಿಗೆ ವ್ಯಾಯಾಮ ಮಾಡಿಸುವ ಒಂದು ಕ್ಲಿನಿಕ್ಕಿನಲ್ಲಿ ಹೆಂಡತಿ ಚೀಟಿ ಕೊಡುವ ಕೆಲಸದಲ್ಲಿದ್ದಳು. ಗಂಡನಿಗೂ ಒಂದು ಚೀಟಿ ಕೊಟ್ಟು ಸಾಲಿನಲ್ಲಿ ಕೂರಿಸಿದಳು.

"ಯಾವಾಗಿಂದ ಹೀಗಿದೆ?" ಎಂದರು ಡಾಕ್ಟರಮ್ಮ.

"ಕಲಿತಾಗಿಂದ ಮೇಡಂ."

"ಏನು ಕಲಿತಾಗಿಂದ?"

"ಹೀಗೆ ನಿಲ್ಲೋದು."

ಡಾಕ್ಟರಮ್ಮ ಅವನ ಕತ್ತಿಗೆ ಉಗುರುಬೆಚ್ಚಗಿನ ನೀರಿನ ಚೀಲವೊಂದನ್ನು ಇಟ್ಟು, ಸ್ವಲ್ಪ ಹೊತ್ತು ಅಲ್ಲಿ ಇಲ್ಲಿ ಒತ್ತಿ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಲ್ಲಿ ತಿರುಗಿಸಿದಂತೆ ಮೆಲ್ಲಗೆ ನೆಟ್ಟಗೆ ಮಾಡಿದರು. "ಸ್ನಾಯು ಹಿಡ್ಕೊಂಡಿತ್ತು ಅಷ್ಟೆ. ನಿಮ್ಮ ಕತ್ತಿಗೆ ಯಾವ ಕಾಯಿಲೆನೂ ಇಲ್ಲ. ಯಾರು ಹೇಳ್ಕೊಟ್ಟಿದ್ದು ಹೀಗೆ ನಿಲ್ಲೋಕೆ?"

"ನಮ್ಮ ಉಸ್ತಾದರು."

"ಅವರಿಗೇನಾಗಿತ್ತು?"

ಈ ಪ್ರಶ್ನೆ ಬೀದಿಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ನೆಟ್ಟಗಾದ ಕತ್ತಿನಲ್ಲಿ ಅವನು ಕ್ಲಿನಿಕ್ಕಿನಿಂದ ಹೊರಬಿದ್ದ. ಬಾಗಿಲ ಚೌಕಟ್ಟು ವಾಲಿದಂತೆ ಕಂಡಿತು. ಇಷ್ಟು ದೊಡ್ಡ ಡಾಕ್ಟರು ಇಷ್ಟು ಕೆಟ್ಟ ಗಾರೆಯವನನ್ನು ಹಿಡಿದರಲ್ಲ ಎಂದುಕೊಂಡ. ಆಮೇಲೆ ಪಕ್ಕದ ಕಟ್ಟಡವೂ ವಾಲಿತ್ತು, ಅದರ ಪಕ್ಕದ್ದೂ. ಸೀದಾ ಸಲೂನಿಗೆ ಬಂದ.

"ಉಸ್ತಾದರೇ, ನಿಮ್ಮ ಕತ್ತು ಹೇಗೆ ಹೀಗಾಯ್ತು?"

"ಶಟರ್‌ ಬಿತ್ತು. ಅಂಗಡಿ ಹೊಸದಾಗಿ ತೆಗೆದಾಗ. ಎತ್ತಿದೆ, ಮೇಲೆ ನಿಲ್ಲದೆ ನನ್ನ ಮೇಲೇ ಬಂತು."

ಎರಡನೇ ಕುರ್ಚಿ ತನ್ನ ಕುರ್ಚಿಯಲ್ಲಿ ತಾನೇ ಕೂತ. ಅಲ್ಲಿ ಅವನು ಕೂತದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. "ಒಂದು ಮಾತು ನಂಗೆ ಹೇಳ್ಬಾರದಿತ್ತಾ?"

"ಏನಂತ ಹೇಳ್ಲೋ? ಕೆಲಸಕ್ಕೆ ಸೇರಿ ಸ್ವಲ್ಪ ದಿನಕ್ಕೆ ನೀನೂ ಕತ್ತು ಓರೆ ಮಾಡ್ಕೊಂಡು ಬಂದೆ. ನಿಂಗೂ ಶಟರ್‌ ಬಿದ್ದಿದೆ, ನನ್ನ ಶಟರ್‌ ಅಂತ ಪಾಪ ಬಾಯಿಬಿಡ್ತಿಲ್ಲ ಅಂದ್ಕೊಂಡೆ. ವರ್ಷಕ್ಕೊಂದು ಜೊತೆ ಬಟ್ಟೆ ಮತ್ಯಾಕೆ ಕೊಡಿಸ್ತಿದ್ದೆ ಅಂದ್ಕೊಂಡೆ ನೀನು?"

ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎನ್ನುತ್ತಾರೆ. ಇಲ್ಲಿ ಹಿರಿಯಕ್ಕನದು ಚಾಳಿಯೂ ಅಲ್ಲ, ಪೆಟ್ಟು.

ಮರುದಿನದಿಂದ ಅವನು ನೆಟ್ಟಗೆ ನಿಂತು ಕತ್ತರಿ ಹಿಡಿದ. ಮೊದಲು ಸಿಕ್ಕವನು ಎದುರಿನ ಟೈಲರ್‌.

"ಏನಪ್ಪಾ, ಎಡಗಡೆ ಕೆಳಗೆ ಇಳಿದುಬಿಟ್ಟಿದೆಯಲ್ಲ."

"ಇಳಿದಿಲ್ಲ ಅಣ್ಣಾ. ಎರಡೂ ಸಮ ಇದೆ."

"ಸಮ ಇದ್ರೆ ಡೊಂಕಾಗಿ ಯಾಕೆ ಕಾಣುತ್ತೆ?"

ಟೈಲರ್‌ ಕೊರಳಲ್ಲಿದ್ದ ಟೇಪು ತೆಗೆದು ಕನ್ನಡಿಯ ಮುಂದೆ ತಾನೇ ಅಳೆದುಕೊಂಡ. ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. "ಟೇಪು ಹಳೇದು," ಎಂದ. ಕುಣಿಯಲಾರದವಳು ನೆಲ ಡೊಂಕೆಂದರೆ ಒಪ್ಪಬಹುದು; ಇಲ್ಲಿ ನೆಲವೇ ಎದ್ದು ಬಂದು ಕುಣಿಯುವವಳು ಡೊಂಕು ಎಂದು ದೂರು ಕೊಟ್ಟಂತಾಯಿತು. ಸಮವಾದ ತಲೆ ಹೊತ್ತು ಮನೆಗೆ ಹೋದ ಒಬ್ಬನನ್ನು ನಾಯಿ ಒಳಗೆ ಬಿಡಲಿಲ್ಲ. ಉಳಿದವರು, ಮದುವೆ ಕಳೆಯಲಿ, ಆಮೇಲೆ ನೋಡೋಣ ಎಂದು ಕೂದಲು ಬೆಳೆಸತೊಡಗಿದರು. ಅಳಿಯ ಗೋಡೆಗೆ ಮೊಳೆ ಹೊಡೆದು ನೋಡಿದ.

ಉಸ್ತಾದರ ಕ್ಷೌರದ ಹಿಂದಿನ ಸಂಜೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು.

"ನಾಳೆ ಒಂದಿನ ಕತ್ತು ಓರೆ ಮಾಡಿ ಕತ್ತರಿಸಿಬಿಡಿ," ಎಂದಳು. "ಅಂಗಡಿ ಕೈಗೆ ಬಂದ ಮೇಲೆ ನೆಟ್ಟಗೆ ಮಾಡ್ಕೊಳ್ಳಿ. ಹೇಗಿದ್ರೂ ಡಾಕ್ಟರಮ್ಮ ಇದ್ದಾರೆ, ಚೀಟಿ ನಾನು ಕೊಡ್ತೀನಿ."

"ಅದು ಮೋಸ ಅಲ್ವೇನೇ?"

"ಇಷ್ಟು ವರ್ಷ ಓರೆ ಮಾಡಿದ್ದು ಭಕ್ತಿ, ಒಂದಿನ ಮಾಡಿದ್ರೆ ಮೋಸಾನಾ?"

ಅವನು ಒಳಗೆ ಹೋಗಿ ಕನ್ನಡಿಯ ಮುಂದೆ ಕತ್ತು ಬಗ್ಗಿಸಿದ. ಬಗ್ಗಿತು, ತೊಂದರೆಯೇನಿರಲಿಲ್ಲ. ಆದರೆ ಕನ್ನಡಿಯಲ್ಲಿ ಕಂಡದ್ದು ಉಸ್ತಾದರನ್ನು ಅಣಕಿಸುವವನ ಮುಖ. ಗೊತ್ತಿಲ್ಲದೆ ಮಾಡಿದಾಗ ಗುರುವಿನ ಹಾಗಿದ್ದದ್ದು, ಗೊತ್ತಿದ್ದು ಮಾಡಿದಾಗ ಕೋತಿಯ ಹಾಗಿತ್ತು. ಹೊರಗೆ ಬಂದು, "ಆಗಲ್ಲ ಕಣೇ," ಎಂದ. "ಹಾಗಾದ್ರೆ ಆ ಬಾಣಲೆ ಒರೆಸಿ," ಎಂದಳು ಹೆಂಡತಿ.

ಬೆಳಗ್ಗೆ ಉಸ್ತಾದರು ಗಿರಾಕಿಯ ಹಾಗೆ ಬಂದು ತಮ್ಮದೇ ಕುರ್ಚಿಯಲ್ಲಿ ಕೂತರು. ಅಳಿಯ ಬಾಗಿಲಿಗೆ ಒರಗಿಕೊಂಡ, ಟೇಪು ಜೇಬಿನಲ್ಲಿತ್ತು. ಟೈಲರ್‌ ಪೇಪರ್‌ ಓದುವ ನೆಪದಲ್ಲಿ ಬೆಂಚಿನ ಮೇಲೆ ಇದ್ದ. ಎರಡನೇ ಕುರ್ಚಿ ಬಿಳಿ ಬಟ್ಟೆ ಹೊದಿಸಿ, ಹಿಂದೆ ನೆಟ್ಟಗೆ ನಿಂತು, ಕತ್ತರಿ ಎತ್ತಿದ.

"ಕತ್ತೆಲ್ಲಿ ಹೋಯ್ತೋ ನಿಂದು?" ಕನ್ನಡಿಯೊಳಗಿನಿಂದ ಉಸ್ತಾದರು ಕೇಳಿದರು.

"ಇಲ್ಲೇ ಇದೆ ಉಸ್ತಾದರೇ."

"ಹೀಗಿರ್ಲಿಲ್ಲ."

"ಶಟರ್‌ ಬಿದ್ದಿರ್ಲಿಲ್ಲ."

ಬೆಂಚಿನ ಮೇಲೆ ಪೇಪರ್‌ ಕೆಳಗಿಳಿಯಿತು. ಎರಡನೇ ಕುರ್ಚಿ ಎರಡು ಸಲ ಕತ್ತರಿ ಆಡಿಸಿ ನಿಲ್ಲಿಸಿದ. ವಾಲಿದ ತಲೆಯನ್ನು ನೆಟ್ಟಗೆ ನಿಂತವನು ಕತ್ತರಿಸಿದರೆ ಏನಾಗುತ್ತದೆಂಬುದು ಕನ್ನಡಿಯಲ್ಲಿ ಆಗಲೇ ಕಾಣುತ್ತಿತ್ತು. ಹೀಗೇ ಮುಂದುವರಿದರೆ ಮೊಮ್ಮಗಳ ಮದುವೆಯಲ್ಲಿ ಉಸ್ತಾದರು ಅರ್ಧ ತೆಗೆದ ಪರದೆಯ ಹಾಗೆ ಕಾಣುವುದು ಖಂಡಿತ. ತಾನು ಬಗ್ಗಬೇಕು, ಇಲ್ಲವೇ ಅವರು ನೆಟ್ಟಗಾಗಬೇಕು. ಅವರ ಕತ್ತು ಡಾಕ್ಟರಮ್ಮನ ಅಜ್ಜಿ ಬಂದರೂ ಏಳುವಂಥದ್ದಲ್ಲ.

ಬಾಚಣಿಗೆಯನ್ನು ಜೇಬಿಗೆ ಇಟ್ಟ. ಗೂಟದ ಮೇಲಿದ್ದ ದೊಡ್ಡ ಟವೆಲ್‌ ತೆಗೆದು, ಮಡಿಸಿ, ಮತ್ತೆ ಮಡಿಸಿ, ಇಟ್ಟಿಗೆಯಷ್ಟು ದಪ್ಪ ಮಾಡಿದ. "ಸ್ವಲ್ಪ ಎದ್ದೇಳಿ ಉಸ್ತಾದರೇ."

"ಯಾಕೋ?"

"ಎದ್ದೇಳಿ ಅಂದ್ರೆ."

ಶಿಷ್ಯ ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಉಸ್ತಾದರು ಬೆರಗಿಗೇ ಎದ್ದರು. ಅವನು ಟವೆಲನ್ನು ಕುರ್ಚಿಯ ಬಲಗಡೆ ಇಟ್ಟು, ಬಲತೊಡೆ ಅದರ ಮೇಲೆ ಬರುವಂತೆ ಅವರನ್ನು ಕೂರಿಸಿದ. ಮೈಯೆಲ್ಲ ಎಡಕ್ಕೆ ವಾಲಿತು. ಅದರ ತುದಿಯಲ್ಲಿ ತಲೆ, ಗಾರೆಯವನ ತೂಕದ ದಾರ ಬಿಟ್ಟ ಹಾಗೆ, ನೆಟ್ಟಗೆ ನಿಂತಿತು. ಉಸ್ತಾದರು ಕನ್ನಡಿಯನ್ನೇ ನೋಡುತ್ತ ಕೂತರು.

"ನಮ್ಮಣ್ಣನ ಹಾಗಿದ್ದಾನಲ್ಲೋ ಇವನು," ಎಂದರು ಕೊನೆಗೆ.

ಕತ್ತರಿ ತನ್ನ ಪಾಡಿಗೆ ಹೋಯಿತು. ಮುಗಿಯುವ ಮುಂಚೆ ಎರಡನೇ ಕುರ್ಚಿಗೆ ಕೆಮ್ಮು ಬಂತು, ನುಂಗಿಕೊಂಡ. ಬಟ್ಟೆ ಕೊಡವಿ, ಹಿಂದೆ ಸರಿದು ನಿಂತ. ಉಸ್ತಾದರು ಎರಡೂ ಕಿವಿಯ ಮುಂದೆ ಬೆರಳಿಟ್ಟು ನೋಡಿದರು, ಹಿಂಗತ್ತು ಸವರಿದರು, ಮತ್ತೆ ಬೆರಳಿಟ್ಟರು.

"ಇದರಲ್ಲಿ ನನ್ನ ಕೈ ಇಲ್ಲ," ಎಂದರು.

ಎರಡನೇ ಕುರ್ಚಿ ಕತ್ತರಿಯನ್ನು ಮೇಜಿನ ಮೇಲೆ, ಶಬ್ದವಾಗದಂತೆ, ಇಟ್ಟ. ಅಳಿಯನ ಕೈ ಜೇಬಿಗೆ ಹೋಯಿತು.

"ಇಲ್ಲ ಅಂದೆ. ಕೆಟ್ಟಿದೆ ಅಂದ್ನಾ?" ಉಸ್ತಾದರು ಬಿಳಿ ಬಟ್ಟೆಯೊಳಗಿಂದ ತಮ್ಮ ಬಲಗೈ ಹೊರಗೆ ತೆಗೆದು ಹಿಡಿದರು. ಅದು ಕಳಚಿಬಿದ್ದ ಹಲ್ಲಿಯ ಬಾಲದ ಹಾಗೆ ನಡುಗುತ್ತಿತ್ತು. "ನನ್ನ ಕೈ ಇಗೋ ಇಲ್ಲಿದೆ. ಇಂಥದ್ದೇ ಇನ್ನೊಂದು ತಂದು ಈ ಕುರ್ಚಿ ಹಿಂದೆ ನಿಲ್ಸಿ ನಾನೇನು ಮಾಡ್ಲಿ? ನನ್ನ ಕೈಯಾಗಿದ್ರೆ ಬಂದವನ ತಲೆ ಹಿಡಿದು ಬಗ್ಗಿಸ್ತಿದ್ದೆ. ಟವೆಲ್‌ ಹಾಕ್ಬೇಕು ಅಂತ ಹೊಳೀತಿರ್ಲಿಲ್ಲ. ಇದು ನಿಂದೇ. ಅಂಗಡಿನೂ ಇಟ್ಕೋ."

"ಮಾವ, ನೀವು ಹೇಳಿದ್ದು ನಿಮ್ಮ ಕೈ ಕಂಡ್ರೆ ಅಂತ," ಎಂದ ಅಳಿಯ.

"ಹೇಳಿದ್ದೆ. ಆಗ ನನ್ನ ತಲೆ ಓರೆ ಇತ್ತು," ಎಂದರು ಉಸ್ತಾದರು. ಇದಕ್ಕೆ ಯಾವ ಕೋರ್ಟೂ ಉತ್ತರ ಕೊಡಲಾರದು. ಅವರು ಸೊಂಟ ಹಿಡಿದುಕೊಂಡು ಕುರ್ಚಿಯಿಂದ ಇಳಿದರು. "ಅಳಿಯಂದಿರೇ, ಮುಖ ಯಾಕೆ ಗಂಟು ಹಾಕ್ಕೊಂಡಿದ್ದೀರಿ? ನೀವೂ ಕೂತ್ಕೊಳ್ಳಿ. ಮದುವೆ ಮನೆಗೆ ಈ ತಲೆ ತರೋಕಾಗುತ್ತಾ? ಮೊದಲ ಗಿರಾಕಿ ಮನೆಯವರೇ ಆಗ್ಲಿ."

ಅಳಿಯ ಬೇಡವೆನ್ನಲಾರದೆ ಕೂತ. ಬಿಳಿ ಬಟ್ಟೆಯ ಗಂಟು ಹಾಕುವಷ್ಟರಲ್ಲಿ ಅವನ ಮೊಬೈಲ್‌ ಹೊಡೆದುಕೊಂಡಿತು. ಕೈಗಳೆರಡೂ ಬಟ್ಟೆಯೊಳಗೆ, ಹೇಗೋ ಅದನ್ನು ಎತ್ತಿ ಎಡಗಿವಿಗೂ ಎಡಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕೋಣೆ ಸಿಗಲಿಲ್ಲವೆಂಬ ಸುದ್ದಿಯನ್ನು ಯಾರಿಗೋ ಉದ್ದಕ್ಕೆ ವಿವರಿಸಲು ತೊಡಗಿದ. ಮಾತು ಸದ್ಯಕ್ಕೆ ಮುಗಿಯುವಂತಿರಲಿಲ್ಲ. ಎರಡನೇ ಕುರ್ಚಿ ಅವನ ತಲೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಟವೆಲನ್ನು ಬಲಗಡೆಯಿಂದ ಎಳೆದು ಎಡಗಡೆಗೆ ಹಾಕಿದ.