ಭಂಡಾರ ಹಚ್ಚಿದ ಹಾಜರಿ

ಮುಖ ನೋಡಿ ಹಾಜರಿ ಹಾಕುವ ಟ್ಯಾಬು ನಮ್ಮ ಕನ್ನಡ ಶಾಲೆಗೆ ಬಂದ ಮೇಲೆ, ಮಕ್ಕಳು ಬಂದಿದ್ದಾರೋ ಇಲ್ಲವೋ ಎಂದು ಹೇಳುವ ಅಧಿಕಾರ ನನ್ನ ಕೈತಪ್ಪಿತು. ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಇಷ್ಟು ವರ್ಷ ಮಾಸ್ತರಿಕೆ ಮಾಡಿದ ನನ್ನ ಕಣ್ಣಿಗೆ ಬೆಲೆಯೇ ಇಲ್ಲದಂತಾಯಿತು.

ಮಕ್ಕಳ ಮೊದಲ ಫೋಟೊ ತೆಗೆದ ದಿನ ನಾಲ್ಕನೆಯ ಇಯತ್ತೆಯಲ್ಲಿ ಕಲಿಯುವ ಕುರುಬರ ಹುಡುಗಿಯೊಬ್ಬಳು ಬೀರಪ್ಪನ ಪೂಜೆಯಿಂದ ನೇರ ಶಾಲೆಗೆ ಬಂದಿದ್ದಳು. ಹಣೆಯಿಂದ ಗದ್ದದವರೆಗೆ ಭಂಡಾರ. ಆ ಅರಿಸಿನದಲ್ಲಿ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ದೇವರ ಭಂಡಾರ ಒರೆಸು ಅನ್ನುವ ಧೈರ್ಯ ನನಗಾಗಲಿಲ್ಲ, ಹಾಗೇ ಫೋಟೊ ತೆಗೆದೆ. ಮರುದಿನ ಮುಖ ತೊಳೆದುಕೊಂಡು ಬಂದಳು. ಟ್ಯಾಬು ಅವಳನ್ನು ಗೈರುಹಾಜರು ಅಂದಿತು. ಅದರ ಮರುದಿನವೂ ಅದೇ ಹಾಡು.

ಶಿಕ್ಷಣ ಇಲಾಖೆಯ ಕಚೇರಿಗೆ ಫೋನ್ ಮಾಡಿ, ಹುಡುಗಿ ನನ್ನ ಮುಂದೆಯೇ ನಿಂತಿದ್ದಾಳೆ ಸಾಹೇಬರೇ ಅಂದೆ. ನಿಂತಿದ್ದರೆ ಯಂತ್ರಕ್ಕೆ ಕಾಣಬೇಕಿತ್ತಲ್ಲ, ಇನ್ನೊಮ್ಮೆ ಸರಿಯಾಗಿ ನೋಡಿ ಅಂದರು. ನಾನು ನಿಜವಾಗಿಯೂ ಇನ್ನೊಮ್ಮೆ ನೋಡಿದೆ. ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ. ಫೋಟೊ ಬದಲಿಸಲು ಬರುವುದಿಲ್ಲವಂತೆ. ತಿಂಗಳು ಪೂರ್ತಿ ಗೈರಾದರೆ ಶಾಲೆಯ ಪಟ್ಟಿಯಿಂದ ಹೆಸರು ತಾನಾಗಿ ಕಡಿದುಹೋಗುತ್ತದಂತೆ.

ಹೆಸರು ಹೋದರೆ ಅವಳನ್ನು ಕುರಿಯ ಹಿಂದೆ ಕಳಿಸಬೇಕೆಂದು ಅಜ್ಜ ಕಾಯುತ್ತಿದ್ದ. ತಾಯಿಗೆ ಮಗಳು ಕಲಿಯಬೇಕೆಂಬ ಆಸೆ. ತಿಂಗಳ ಕೊನೆಯ ದಿನ, ಭಂಡಾರ ಹಚ್ಚಿಯೇ ನೋಡೋಣವೆಂದು ನಾನೇ ಹೇಳಿ ಕಳಿಸಿದೆ. ತಾಯಿ ಸೆರಗಿನಲ್ಲಿ ಭಂಡಾರ ಕಟ್ಟಿಕೊಂಡು ಬಂದು ಮಗಳ ಮುಖಕ್ಕೆ ಬಳಿದಳು. ಟ್ಯಾಬು ಒಪ್ಪಲಿಲ್ಲ. ಹುಡುಗಿ ಅಳತೊಡಗಿದಳು.

ತಾಯಿ ಉಳಿದ ಭಂಡಾರವನ್ನು ತನ್ನ ಮುಖಕ್ಕೇ ಹಚ್ಚಿಕೊಂಡು ಟ್ಯಾಬಿನೆದುರು ಬಾಗಿದಳು. "ನೋಡವ್ವಾ, ಅವತ್ತ ಹಿಂಗ ಹಚ್ಚಿದ್ವಿ" ಎಂದು ಅದಕ್ಕೆ ತಿಳಿಸಿ ಹೇಳಿದಳು. ಟ್ಯಾಬು ಟಿಣ್ ಅಂತು. ಹಸಿರು ಅಕ್ಷರದಲ್ಲಿ ಮಗಳ ಹೆಸರು ಮೂಡಿತು, ಹಾಜರ್.

"ಏನಂತೈತ್ರಿ ಗುರುಜಿ?"

"ಮಗಳ ಹೆಸರ ಉಳೀತ ನೋಡ್ರಿ. ಖರೇ ಅಂದ್ರ, ಹಾಜರಿ ಬಿದ್ದದ್ದು ನಿಮ್ಮ ಮುಖಕ್ಕ."

ನನಗೆ ನಗು ತಡೆಯಲಾಗಲಿಲ್ಲ. ಆಕೆ ನಗಲಿಲ್ಲ.

"ನಾ ಸಾಲಿ ಒಳಗ ಕಾಲ ಇಟ್ಟಿದ್ದೇ ಇವತ್ತರಿ" ಅಂದಳು. ಮಗಳ ಕಣ್ಣೊರೆಸಿ, ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ಹಾಜರಿ ಬಿದ್ದ ಮ್ಯಾಲ ಹಂಗ ಹ್ಯಾಂಗ ಎದ್ದ ಹೋಗೂದು? ಒಂದ ಪಾಠ ಕೇಳಿ ಹೋಗ್ತೀನಿ. ಚಾಲೂ ಮಾಡ್ರಿ."