ಮೂರು ಇಂಚಿನ ತಂಪು

ಮೊದಲೇ ಒಂದು ತಪ್ಪೊಪ್ಪಿಗೆ. ನಮ್ಮ ರಾಮದುರ್ಗದ ಮನೆಯ ನಡುಕೋಣೆಗೆ ಇದ್ದ ಒಂದೇ ಒಂದು ಕಿಟಕಿಯನ್ನು ಇಟ್ಟಿಗೆ ಇಡಿಸಿ ಮುಚ್ಚಿದವನು ನಾನು. ಗೌಂಡಿಯನ್ನು ಕರೆಸಿದ್ದು ನಾನೇ, ಮೇಲೆ ಸುಣ್ಣ ಬಳಿಸಿದ್ದೂ ನಾನೇ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರನಿಗೆ ಸಿಟ್ಟು ಬಂದರೆ ಹೊಡೆದಾಡಲು ಬರುವುದಿಲ್ಲ. ಒಂದು ಚೆಂದದ ಮಾತು ಹೊಳೆಯುತ್ತದೆ, ಅದನ್ನು ಆಡಿಬಿಡುತ್ತಾನೆ, ಆಮೇಲೆ ಅದಕ್ಕೆ ಕಟ್ಟುಬಿದ್ದು ವರ್ಷಗಟ್ಟಲೆ ಬೆವರುತ್ತಾನೆ.

ತೊಂಬತ್ತರ ದಶಕದ ಮೊದಲಲ್ಲಿ ನಾನೂ ನನ್ನ ಅಣ್ಣ ಬಸಣ್ಣನೂ ಪಾಲಾದೆವು. ಬೀದಿ ಕಡೆಯ ಪಡಸಾಲೆ, ನಡುಕೋಣೆ, ಅಡುಗೆಮನೆ ನನಗೆ ಬಂದವು. ಹಿಂದಿನ ಅಂಗಳ, ಅದರಾಚೆಯ ಕೋಣೆಗಳು ಅವನಿಗೆ. ಅಂಗಳದಲ್ಲಿ ಬೇವಿನ ಮರವಿತ್ತು. ಬೇಸಿಗೆಯಲ್ಲಿ ಅದರ ಕೆಳಗೆ ಹೊರಸು ಹಾಕಿಕೊಂಡು ಬೆಳೆದವರು ನಾವು. ಅಂಗಳಕ್ಕೆ ಹೋಗಿಬರಲು ಒಂದು ಸಣ್ಣ ಬಾಗಿಲಾದರೂ ಇರಲಿ ಎಂದು ನಾನು ಕೇಳಿದೆ. ಹಿರಿಯರ ಎದುರಿಗೆ ಬಸಣ್ಣ, “ಪಾಲು ಅಂದ್ರ ಪಾಲು. ಅರ್ಧಮರ್ಧ ಬ್ಯಾಡ” ಅಂದ. ನಾನು ಎದ್ದು ನಿಂತು, “ನಿನ್ನ ಅಂಗಳದ ಗಾಳಿನೂ ನನಗ ಬ್ಯಾಡ” ಅಂದೆ. ಆಗ ಎಷ್ಟು ಚೆನ್ನಾಗಿ ಅಂದೆ ಅನ್ನಿಸಿತ್ತು! ಆ ವಾರವೇ ಅಂಗಳದ ಕಡೆಯ ಕಿಟಕಿ ಗೋಡೆಯಾಯಿತು. ಅವನ ತಲೆಬಾಗಿಲು ಆಚೆಯ ಓಣಿಗೆ, ನನ್ನದು ಈಚೆಯ ಬೀದಿಗೆ. ಹೀಗಾಗಿ ಮಾತು ಬಿಡುವುದು ಬಹಳ ಸುಲಭವಾಯಿತು. ಸಂತೆಯಲ್ಲಿ ಎದುರಾದರೆ ಇಬ್ಬರಲ್ಲಿ ಒಬ್ಬರಿಗೆ ಬದನೆಕಾಯಿಯ ಕಡೆ ಒಮ್ಮೆಲೇ ಆಸಕ್ತಿ ಹುಟ್ಟುತ್ತಿತ್ತು.

ಅಂಗಳದ ಗಾಳಿ ನನಗೆ ಬೇಡವಾಗಿತ್ತು, ಸರಿ. ಆದರೆ ನನ್ನ ಹೆಂಡತಿ ಶಾಂತಾಗೆ ಬೇಕೋ ಬೇಡವೋ ಎಂದು ನಾನು ಕೇಳಲೇ ಇಲ್ಲ.

ಶಾಂತಾ ಕೌದಿ ಹೊಲಿಯುವುದರಲ್ಲಿ ಓಣಿಗೆಲ್ಲ ಹೆಸರಾದವಳು. ಹಳೆಯ ಸೀರೆ, ಹರಿದ ಅಂಗಿ, ಏನು ಕೊಟ್ಟರೂ ಅವಳ ಕೈಯಲ್ಲಿ ಅದು ಹೊದಿಕೆಯಾಗುತ್ತಿತ್ತು. ಒಂದು ಬೇಸಿಗೆ ಅವಳ ಬೆರಳಿನಿಂದ ಸೂಜಿ ಮೇಲಿಂದ ಮೇಲೆ ಜಾರತೊಡಗಿತು. ಮುಂದಿನ ಬೇಸಿಗೆ ಕಾಲು ಎಳೆಯತೊಡಗಿದಳು. ಬೆಳಗಾವಿಯ ಡಾಕ್ಟರರು ಎಲ್ಲ ತಪಾಸಣೆ ಮಾಡಿ, ನನಗೆ ತಿಳಿಯುವಂತೆ ಹೇಳಿದರು: “ಮಾಸ್ತರ, ವಾಯರಿನ ಮ್ಯಾಲಿನ ರಬ್ಬರು ಸವದ್ರ ಕರೆಂಟು ಹೆಂಗ ಸರಿಯಾಗಿ ಹೋಗೂದಿಲ್ಲ, ಇವರ ನರಗಳ್ದೂ ಹಂಗ ಆಗೇತಿ. ಔಷಧ ಕೊಡತೇನಿ. ಆದರ ಮೈಗೆ ಕಾವು ಏರಿಸಬ್ಯಾಡ್ರಿ. ಕಾವು ಏರಿತಂದ್ರ ಕೈಕಾಲು ಸೋತು ಹೋಗ್ತಾವ.”

ಹಾಗೇ ಆಗುತ್ತಿತ್ತು. ಮಾರ್ಗಶಿರದಲ್ಲಿ ಶಾಂತಾ ತಾನೇ ರೊಟ್ಟಿ ಬಡಿಯುತ್ತಿದ್ದಳು. ಚೈತ್ರ ಬಂತೆಂದರೆ ನೀರಿನ ಲೋಟ ಎತ್ತಲೂ ನನ್ನನ್ನು ಕರೆಯಬೇಕು. ಕರೆಯಲು ಅವಳಿಗೆ ನಾಚಿಕೆ. ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಲೋಟ ಉರುಳಿತ್ತು, ಅವಳು ಒದ್ದೆ ನೆಲದ ಮೇಲೆ ಕೆನ್ನೆ ಇಟ್ಟು ಮಲಗಿದ್ದಳು. “ಬಿದ್ದೆ ಏನು?” ಎಂದು ಗಾಬರಿಯಾಗಿ ಕೇಳಿದೆ. “ಇಲ್ರಿ. ನೆಲಾ ತಂಪದ, ಅದಕ ಮಲಗೇನಿ” ಅಂದಳು. ನಾನು ಮುಚ್ಚಿಸಿದ ಕಿಟಕಿ ಸರಿಯಾಗಿ ಅವಳ ತಲೆಯ ಮೇಲಿತ್ತು.

ಕಿಟಕಿಯನ್ನು ಮತ್ತೆ ತೆಗೆಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೆ. ಆದರೆ ಮಾತು ಆಡಿದ್ದು ಹಿರಿಯರ ಮುಂದೆ. ಹಾಗಾಗಿ ಮೊದಲು ಕೂಲರ್ ತಂದೆ. ಕಿಟಕಿ ಇಲ್ಲದ ಕೋಣೆಯಲ್ಲಿ ಅದು ತೊಯ್ದ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಟ್ಟಿತು. ಎರಡು ದಿನಕ್ಕೆ ನನ್ನ ಪುಸ್ತಕಗಳಿಗೆಲ್ಲ ಬೂಸರು ಹಿಡಿಯಿತು. ಬೆಳಗಾವಿಯ ಆ ಆಸ್ಪತ್ರೆಯಲ್ಲಿ ಚಾವಣಿಯ ಒಳಗೆ ತಗಡಿನ ದೊಡ್ಡ ಕೊಳವೆಗಳನ್ನು ಹಾಯಿಸಿ ಕೋಣೆಕೋಣೆಗೂ ತಂಪು ಹರಿಸಿದ್ದನ್ನು ನೋಡಿದ್ದೆ. ಅಂಥದ್ದನ್ನು ನಮ್ಮಲ್ಲಿ ಹಾಕಲು ಬರುತ್ತದೆಯೇ ಎಂದು ಎಸಿ ಕೂಡಿಸುವ ಮಿಸ್ತ್ರಿ ಉಸ್ಮಾನ್‌ನನ್ನು ಕರೆಸಿ ಕೇಳಿದೆ. ಆತ ತಲೆಯೆತ್ತಿ ನಮ್ಮ ಮನೆಯ ಜಂತಿಗಳನ್ನೂ, ಅವುಗಳ ಮೇಲೆ ಅಜ್ಜನ ಕಾಲದಿಂದ ಕೂತಿರುವ ಮಣ್ಣಿನ ಮಾಳಿಗೆಯನ್ನೂ ಬಹಳ ಹೊತ್ತು ನೋಡಿದ.

“ಸರ, ಇದರಾಗ ಕೊಳವಿ ಹಾಯಿಸಿದ್ರ ತಂಪು ಬರೂದಕ್ಕಿಂತ ಮೊದಲ ಮಣ್ಣು ಬರತೈತಿ” ಅಂದ. “ಸ್ಪ್ಲಿಟ್ ಹಚ್ಚೂಣು. ಒಂದು ಪೆಟ್ಟಿಗಿ ಒಳಗ, ಒಂದು ಹೊರಗ. ನಡುವ ಗ್ವಾಡ್ಯಾಗ ಮೂರು ಇಂಚಿನ ತೂತು. ಅಷ್ಟ ಸಾಕು.”

ಮೂರು ಇಂಚು! ನನಗೆ ಎಷ್ಟು ಸಮಾಧಾನವಾಯಿತೆಂದರೆ ಉಸ್ಮಾನ್‌ಗೆ ಎರಡನೇ ಸಲ ಚಹಾ ತರಿಸಿದೆ. ಕಿಟಕಿ ತೆರೆದರೆ ಸೋತಂತೆ; ಮೂರು ಇಂಚಿಗೆ ಯಾರೂ ಸೋಲುವುದಿಲ್ಲ. ಆದರೆ ಹೊರಗಿನ ಪೆಟ್ಟಿಗೆ ಎಲ್ಲಿ ಕೂಡಬೇಕು? ಮಾಳಿಗೆ ಅದರ ನಡುಗಾಟ ತಾಳುವುದಿಲ್ಲ. ಎಡಬಲದಲ್ಲಿ ಬೇರೆಯವರ ಗೋಡೆಗೆ ಗೋಡೆ. ಬೀದಿಯವರೆಗೆ ಪೈಪು ಎಳೆದರೆ ತಂಪು ದಾರಿಯಲ್ಲೇ ಸೋತುಹೋಗುತ್ತದೆ. ಉಸ್ಮಾನ್ ಹಿಂದಿನ ಗೋಡೆಯನ್ನು ತಟ್ಟಿ, “ಇದರ ಆಚೀಗೆ ಏನೈತ್ರಿ?” ಎಂದು ಕೇಳಿದ.

ನಾನು ಜಂತಿ ಎಣಿಸತೊಡಗಿದೆ. ಉತ್ತರ ಶಾಂತಾ ಕೊಟ್ಟಳು: “ನಮ್ಮ ಬಾವಾರ ಅಂಗಳ.”

ಕೇಳಲು ನಾನು ಹೋಗಲಿಲ್ಲ. ಚಪ್ಪಲಿ ಮೆಟ್ಟಿದೆ, ಓಣಿಯ ತಿರುವಿನವರೆಗೂ ಹೋದೆ, ಪೇಪರ್ ಕೊಂಡುಕೊಂಡು ವಾಪಸು ಬಂದೆ. ಕೊನೆಗೆ ಉಸ್ಮಾನ್‌ನೇ ಸುತ್ತು ಹಾಕಿ ಆಚೆಯ ಓಣಿಗೆ ಹೋದ. ಅವನು ಹಿಂದಿರುಗುವವರೆಗೆ ನಾನು ಆ ಪೇಪರಿನಲ್ಲಿ ಒಂದೇ ಸುದ್ದಿಯನ್ನು ನಾಲ್ಕು ಸಲ ಓದಿದೆ. ಯಾವ ಸುದ್ದಿ ಎಂದು ಕೇಳಬೇಡಿ.

“ಏನಂದ?” ಅಂದೆ.

“ಯಾರ ಸಲುವಾಗಿ ಅಂತ ಕೇಳಿದ್ರು. ಶಾಂತಾಬಾಯಾರ ಸಲುವಾಗಿ ಅಂದೆ. ‘ಹಂಗಾರ ಕೇಳೂದೇನೈತಿ, ಹಚ್ಚು’ ಅಂದ್ರು. ಬ್ಯಾರೆ ಏನೂ ಅನ್ನಲಿಲ್ರಿ.”

ಬೇರೆ ಏನೂ ಅನ್ನಲಿಲ್ಲ. ಆ ಮಾತು ನನ್ನನ್ನು ಚುಚ್ಚಿತು. ಏನಾದರೂ ಅಂದಿದ್ದರೆ, ಬೈದಿದ್ದರೂ ಚೆನ್ನಾಗಿತ್ತು.

ಮರುದಿನ ಗೋಡೆ ಕೊರೆಯುವ ಕೆಲಸ ಶುರುವಾಯಿತು. ಮುಚ್ಚಿದ ಕಿಟಕಿಯ ಇಟ್ಟಿಗೆಯನ್ನು ಮುಟ್ಟಬೇಡ, ಪಕ್ಕದ ಹಳೆಯ ಗೋಡೆಯಲ್ಲೇ ಕೊರೆ ಎಂದು ಉಸ್ಮಾನ್‌ಗೆ ಮೊದಲೇ ಹೇಳಿದ್ದೆ. ನಮ್ಮ ಹಿರಿಯರು ಗೋಡೆ ಕಟ್ಟುವಾಗ ಬಿಸಿಲನ್ನೂ ಕಳ್ಳರನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಎರಡು ಮೊಳ ದಪ್ಪ, ನಡುವೆ ಗುಂಡುಕಲ್ಲು. ಉಸ್ಮಾನ್‌ನ ಮಷೀನು ಒಂದು ಮೊಳ ಹೋಗಿ ಕಲ್ಲಿಗೆ ತಾಗಿ ಅಳತೊಡಗಿತು. ಆತ ಸುತ್ತಿಗೆ, ಚಾಣ ಹಿಡಿದ. ಅರ್ಧ ತಾಸು ಬಡಿದು ಸುಸ್ತಾಗಿ ಕೂತ. ಆಗ ಕೇಳಿಸಿತು: ಆಚೆಯಿಂದ ಯಾರೋ ಬಡಿಯುತ್ತಿದ್ದಾರೆ. ಡಬ್, ಡಬ್. ಎರಡು ಪೆಟ್ಟು, ಒಂದು ಉಸಿರು, ಮತ್ತೆ ಎರಡು ಪೆಟ್ಟು. ಬಾವಿ ತೋಡುವಾಗ ಹಾರೆ ಹಾಕುತ್ತಿದ್ದ ಬಸಣ್ಣನ ತಾಳವನ್ನು ನಾನು ಸಾವಿರ ಸದ್ದಿನಲ್ಲೂ ಗುರುತು ಹಿಡಿಯುತ್ತಿದ್ದೆ. ಉಸ್ಮಾನ್ ಮತ್ತೆ ಚಾಣ ಹಿಡಿಯಲು ಎದ್ದ. ನಾನು ಅದನ್ನು ಅವನ ಕೈಯಿಂದ ತೆಗೆದುಕೊಂಡೆ. ಜೀವಮಾನವಿಡೀ ಸೀಮೆಸುಣ್ಣ ಹಿಡಿದ ಕೈ. ನಾಲ್ಕು ಪೆಟ್ಟಿಗೆ ಒಂದು ಹೆಬ್ಬೆರಳಿಗೆ ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಡುವಿನ ಕಲ್ಲು ಅಲುಗಿ ಆಚೆ ಬಿತ್ತು. ಬೆಳಕು ಬಂತು. ಆ ಕೋಣೆಗೆ ಹನ್ನೊಂದು ವರ್ಷಗಳ ಮೇಲೆ ಬಂದ ಬೆಳಕು, ನೆಲದ ಮೇಲೆ ಒಂದು ರೂಪಾಯಿ ನಾಣ್ಯದಷ್ಟಗಲ.

ಆ ತೂತಿನಿಂದ ದನಿ ಬಂತು. “ಶಾಂತವ್ವಾ, ಹೆಂಗದೀ?”

“ಆರಾಮ ಅದೇನ್ರಿ ಬಾವಾರ” ಎಂದಳು ಶಾಂತಾ, ಹಾಸಿಗೆಯಿಂದ ಏಳಲಾರದೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. “ಅಕ್ಕಾರು ಹೆಂಗದಾರ್ರೀ?”

“ಅದಾಳ. ಶಾವಿಗಿ ಹೊಸಿಯಾಕತ್ತಾಳ.”

ನನ್ನ ಹೆಸರು ಬರುತ್ತದೆ ಎಂದು ಕಾದೆ. ಬರಲಿಲ್ಲ. ನಾನೂ ಅಣ್ಣಾ ಎನ್ನಬಹುದಿತ್ತು. ಬಾಯೊಳಗೆ ಬರೀ ಸುಣ್ಣದ ಧೂಳು. ಸಂಜೆ ಪೈಪು ಬಂತು, ತೂತು ತುಂಬಿತು, ಉಳಿದ ಸಂದಿಗೆ ಉಸ್ಮಾನ್ ಬಿಳಿ ಸಿಮೆಂಟು ಮೆತ್ತಿದ.

ಎಸಿ ಚಾಲೂ ಆಯಿತು. ನಮ್ಮ ಕಡೆ ತಂಪಿಗೆ ಇರುವ ಗೌರವ ನಿಮಗೆ ಗೊತ್ತೇ ಇದೆ. ಥಂಡಿ ಬೇರೆ, ತಂಪು ಬೇರೆ. ಥಂಡಿ ಬಂದರೆ ಸೀನುತ್ತೇವೆ. ತಂಪಾಗಿರಲಿ ಎಂದು ಹರಸುತ್ತೇವೆ. ಮಜ್ಜಿಗೆ ಕೊಟ್ಟವರಿಗೆ ಮುದುಕಿಯರು ‘ನಿನ್ನ ಹೊಟ್ಟಿ ತಣ್ಣಗಿರಲಿ’ ಅನ್ನುತ್ತಾರೆಯೇ ಹೊರತು ‘ನಿನಗೆ ಥಂಡಿಯಾಗಲಿ’ ಅನ್ನುವುದಿಲ್ಲ. ಆ ಯಂತ್ರ ಥಂಡಿ ಕೊಡುತ್ತದೆಂದು ಹೆದರಿದ್ದೆ. ಎರಡು ವಾರದಲ್ಲಿ ಶಾಂತಾ ಲೋಟ ಎತ್ತಿದಳು. ಮೇ ತಿಂಗಳ ನಡುವೆ ಸೂಜಿಗೆ ತಾನೇ ದಾರ ಪೋಣಿಸಿ ನನಗೆ ತೋರಿಸಿದಳು. ಅದು ತಂಪೇ.

ಆದರೆ ಭೌತಶಾಸ್ತ್ರದ ಮಾಸ್ತರರೊಬ್ಬರು ಶಾಲೆಯಲ್ಲಿ ಒಂದು ಸಂಗತಿ ತಿಳಿಸಿ ನನ್ನ ನೆಮ್ಮದಿ ಕೆಡಿಸಿದರು. ಈ ಯಂತ್ರ ತಂಪನ್ನು ಹುಟ್ಟಿಸುವುದಿಲ್ಲವಂತೆ. ಒಳಗಿನ ಕಾವನ್ನು ಹೊತ್ತು ಹೊರಗೆ ಚೆಲ್ಲುತ್ತದಂತೆ. ಅಂದರೆ ದಿನವೂ ನನ್ನ ಮನೆಯ ಕಾವು ಬಸಣ್ಣನ ಅಂಗಳಕ್ಕೆ ಬೀಳುತ್ತಿತ್ತು. ಅವನು ಬೇವಿನ ಕೆಳಗಿನ ಹೊರಸನ್ನು ಆಚೆ ಎಳೆದುಕೊಂಡಿರಬೇಕು. ದೂರು ಬರಲಿಲ್ಲ. ಒಂದು ದಿನ ದೂರಾದರೂ ಬರಲಿ ಎಂದು ನಾನು ಗೋಡೆಗೆ ಕಿವಿ ಹಚ್ಚಿ ನಿಂತೆ. ಯಂತ್ರದ ಗುಂಯ್‌ಗುಡುವಿಕೆ, ನಡುವೆ ಅತ್ತಿಗೆಯ ಕೆಮ್ಮು, ಅವನ ಹೊರಸಿನ ಕಿರಗುಟ್ಟುವಿಕೆ. ನನ್ನಿಂದ ಎರಡು ಮೊಳ ದೂರದಲ್ಲಿ ಅವನು ಕೂತಿದ್ದ. ಇಷ್ಟು ಹತ್ತಿರದವರನ್ನು ಹಂಬಲಿಸುವುದು ದೂರದೂರಿನವರನ್ನು ಹಂಬಲಿಸುವುದಕ್ಕಿಂತ ಕಷ್ಟ. ಪತ್ರ ಬರೆಯಲೂ ಬರುವುದಿಲ್ಲ.

ಜೂನ್ ಬಂತು. ಒಂದು ಮಧ್ಯಾಹ್ನ ಮೋಡ ಕವಿದು ಮೊದಲ ಮಳೆ ಸುರಿಯತೊಡಗಿತು. ಶಾಂತಾ, “ಅದನ್ನ ಬಂದ್ ಮಾಡ್ರಿ. ಮಳಿ ಸಪ್ಪಳ ಕೇಳೂಣು” ಅಂದಳು. ಬಂದ್ ಮಾಡಿದೆ. ಹೊರಗೆ ಮಣ್ಣಿನ ವಾಸನೆ ಏಳುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆಬಾಗಿಲನ್ನು ಯಾರೋ ಎರಡೂ ಕೈಯಿಂದ ಬಡಿದರು.

ತೆರೆದೆ. ಬಸಣ್ಣ. ಕಾಲಲ್ಲಿ ಚಪ್ಪಲಿ ಇಲ್ಲ, ತಲೆಗೆ ಟೋಪಿ ಇಲ್ಲ, ಧೋತರ ಮೊಣಕಾಲತನಕ ಕೆಸರು. ಎರಡು ಓಣಿ ಸುತ್ತಿ ಓಡಿ ಬಂದಿದ್ದ.

“ಹೆಂಗದಾಳ?” ಅಂದ, ಏದುಸಿರು ಬಿಡುತ್ತ.

“ಯಾರು?”

“ಶಾಂತವ್ವ! ಮಷೀನು ಸುಮ್ಮಕಾತು. ಕರೆಂಟು ಹೋತೇನಂತ ನೋಡಿದೆ, ನಮ್ಮ ಪಂಖಾ ತಿರಗಾಕತ್ತಿತ್ತು. ಇಷ್ಟು ದಿನಾ ಮಧ್ಯಾಹ್ನ ಒಮ್ಮೀನೂ ನಿಂತಿರಲಿಲ್ಲ. ಏನಾತು ಹೇಳೋ, ಏನಾತು?”

ಎರಡು ತಿಂಗಳಿಂದ ಅವನು ಆ ಯಂತ್ರದ ಸದ್ದಿನಲ್ಲಿ ನನ್ನ ಮನೆಯ ಕ್ಷೇಮಸಮಾಚಾರ ಕೇಳುತ್ತಿದ್ದ. ಗುಂಯ್ ಎನ್ನುವವರೆಗೂ ಅವಳು ಚೆನ್ನಾಗಿದ್ದಾಳೆ ಎಂದು ತಿಳಿದು ನೆಮ್ಮದಿಯಿಂದ ಕೂತಿದ್ದ. ಒಳಗಿನಿಂದ ಶಾಂತಾಳ ದನಿ ಬಂತು: “ನಾ ಆರಾಮ ಅದೇನ್ರಿ ಬಾವಾರ. ಮಳಿ ಬಂತಂತ ಬಂದ್ ಮಾಡಿಸೇನಿ. ಒಳಗ ಬರ್ರಿ.”

ಅವನು ಹೊಸ್ತಿಲ ಮೇಲೆ ನಿಂತು ತನ್ನ ಕೆಸರುಗಾಲು ನೋಡಿಕೊಂಡ. ಹೋಗಿಬಿಡುತ್ತಾನೆ ಅನ್ನಿಸಿತು. ಹನ್ನೊಂದು ವರ್ಷಗಳಿಂದ ಒಳ್ಳೆಯ ಮಾತುಗಳನ್ನು ಕಟ್ಟಿಟ್ಟುಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. “ನೀರು ಕೊಡತೇನಿ, ಕಾಲು ತೊಳಕೋ ಅಣ್ಣಾ” ಅಂದೆ. ಅಷ್ಟೇ.

ತೊಳೆದುಕೊಂಡ. ಒಳಗೆ ಬಂದು ಶಾಂತಾಳ ಹಾಸಿಗೆಯ ಹತ್ತಿರ ನೆಲದ ಮೇಲೆ ಕೂತ. ನಾನು ಪಕ್ಕದಲ್ಲಿ ಕೂತು ಅವನನ್ನು ಸರಿಯಾಗಿ ನೋಡಿದೆ. ಮೀಸೆ ಪೂರ್ತಿ ಬೆಳ್ಳಗಾಗಿತ್ತು, ಎರಡು ಹಲ್ಲು ಹೋಗಿದ್ದವು. ನಾನು ಗೋಡೆಗೆ ಕಿವಿ ಹಚ್ಚಿ ಹಂಬಲಿಸುತ್ತಿದ್ದುದು ಮಲಪ್ರಭೆಯಲ್ಲಿ ನನ್ನನ್ನು ಬೆನ್ನ ಮೇಲೆ ಹೊತ್ತು ಈಜಿದ ಕಪ್ಪು ಮೀಸೆಯವನನ್ನು. ಅವನು ಇನ್ನು ಬರುವುದಿಲ್ಲ. ಈ ಬೆಳ್ಳನೆಯ ಮೀಸೆಯವನ ಪರಿಚಯವನ್ನು ಹೊಸದಾಗಿ ಮಾಡಿಕೊಳ್ಳಬೇಕು. ಕಳೆದ ವರ್ಷಗಳನ್ನು ಯಾವ ಮಿಸ್ತ್ರಿಯೂ ತಂದು ಕೂಡಿಸಲಾರ.

ಮಳೆ ನಿಂತು ಸೆಕೆ ಏರಿತು. ಎಸಿ ಹಚ್ಚಿದೆ. ಬಸಣ್ಣ ಹತ್ತು ನಿಮಿಷ ಕೂತು, ಮೂರು ಸಲ ಸೀನಿ, ಟವೆಲನ್ನು ಕಿವಿಗೆ ಸುತ್ತಿಕೊಂಡು ಎದ್ದ.

“ಈ ಥಂಡಿ ನನಗ ಆಗಿ ಬರೂದಿಲ್ಲಪಾ” ಅಂದ. ಬಾಗಿಲ ತನಕ ಹೋಗಿ ತಿರುಗಿ ನಿಂತ. “ನಾಳೆ ಬರೂಮುಂದ ಕಂಬಳಿ ತರತೇನಿ.”